ಸೀಟಿನ ಕೆಳಗಿನ ಚೀಲ

2010ರ ಫೆಬ್ರವರಿ 13, ಶನಿವಾರ. ಹಿಂದಿನ ದಿನವಷ್ಟೇ ಶಿವರಾತ್ರಿ ಮುಗಿದಿತ್ತು. ನಿಗಡಿಯ ಪ್ರಾಧಿಕರಣದಲ್ಲಿ ನಾವು ಮೂವರು ಕನ್ನಡದ ಹುಡುಗರು ಬಾಡಿಗೆಗಿದ್ದೆವು. ಆ ಸಂಜೆ ಪಾತ್ರೆ ತೊಳೆಯುವ ಪಾಳಿ ಯಾರದೆಂದು ಜಗಳ ನಡೆದಿದ್ದಾಗ ವಿಜಾಪುರದಿಂದ ಅವ್ವನ ಫೋನು ಬಂತು.

"ತಮ್ಮಾ, ಎಲ್ಲಿದ್ದೀ?"

"ಮನ್ಯಾಗ ಅದೀನಿ ಅವ್ವಾ."

"ಟೀವಿ ಹಚ್ಚಿ ನೋಡು. ನಿಮ್ಮ ಪುಣಾದಾಗ ಏನೋ ಸಿಡದೈತಂತ."

ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿ. ಮೊದಲು ಗ್ಯಾಸ್ ಸಿಲಿಂಡರ್ ಎಂದರು, ಆಮೇಲೆ ಬಾಂಬ್ ಎಂದರು. ಗಿರಾಕಿಯ ಹಾಗೆ ಬಂದ ಯಾರೋ ಬಿಟ್ಟುಹೋದ ಚೀಲದಲ್ಲಿ ಅದು ಇತ್ತಂತೆ. ನಿಗಡಿಯಿಂದ ಆ ಜಾಗ ಸುಮಾರು 20 ಕಿಲೋಮೀಟರ್ ದೂರ. ಅವ್ವನಿಗೆ ಮಾತ್ರ ಪುಣೆ ಅಂದರೆ ಒಂದೇ ಓಣಿ. "ಹೊರಗ ಹೋಗಬ್ಯಾಡ" ಎಂದು ರಾತ್ರಿಯಿಡೀ ನಾಲ್ಕು ಸಲ ಹೇಳಿದಳು.

ಓಶೋ ಆಶ್ರಮಕ್ಕೆ ಹತ್ತಿರದ ಆ ಬೇಕರಿಗೆ ನಾನು ಹೋಗಿದ್ದು ಎರಡೇ ಸಲ. ಅಲ್ಲಿ ವಿದೇಶಿಯರ ಪಕ್ಕದಲ್ಲೇ ಕಾಲೇಜು ಹುಡುಗರು ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂತಿರುತ್ತಿದ್ದರು. ಯಾರೂ ಏಳಿ ಅನ್ನುತ್ತಿರಲಿಲ್ಲ. ಊರು ಬಿಟ್ಟು ಬಂದವರಿಗೆ ಇಂಥ ಜಾಗ ಎಷ್ಟು ದೊಡ್ಡದು ಎಂಬುದನ್ನು ನಿಮಗೆ ವಿವರಿಸಬೇಕಿಲ್ಲ. ದಿನ ಕಳೆದಂತೆ ಸತ್ತವರ ಸಂಖ್ಯೆ 17ಕ್ಕೆ ಏರಿತು. ಅವರಲ್ಲಿ ಓದಲು, ದುಡಿಯಲು ಬೇರೆ ಊರುಗಳಿಂದ ಬಂದಿದ್ದ ಎಳೆಯರಿದ್ದರು, ವಿದೇಶಿಯರಿದ್ದರು, ಅಲ್ಲೇ ಕೆಲಸಕ್ಕಿದ್ದವರೂ ಇದ್ದರು. ಪೇಪರಿನಲ್ಲಿ ಬಂದ ಫೋಟೋಗಳನ್ನು ನೋಡಿದಾಗ ಅನ್ನಿಸಿದ್ದು ಒಂದೇ: ಇವರ ಅವ್ವಂದಿರೂ ಆ ರಾತ್ರಿ ಫೋನು ಹಚ್ಚುತ್ತಲೇ ಇದ್ದಿರಬೇಕು.

ಸೋಮವಾರ ಎಲ್ಲರೂ ಆಫೀಸಿಗೆ ಹೊರಟೆವು. ಪುಣೆಯ ಕೆಚ್ಚು, ಪುಣೆ ಜಗ್ಗಲಿಲ್ಲ ಎಂದು ಟೀವಿಯವರು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹೊರಟಿದ್ದು ಕೆಚ್ಚಿನಿಂದಲ್ಲ, ಆ ವಾರ ರಿಲೀಸ್ ಇತ್ತು.

ನಿಗಡಿಯಿಂದ ಹಿಂಜವಡಿಗೆ ಹೋಗುವ ಬಸ್ಸು ತುಂಬಿತ್ತು. ನಾನು ಹಿಂದಿನ ಸೀಟಿನ ಹತ್ತಿರ ನಿಂತಿದ್ದೆ. ಸೀಟಿನ ಕೆಳಗೆ ಒಂದು ಚೀಲ ಕಂಡಿತು. ಗೊಬ್ಬರದ ಚೀಲ ಹರಿದು ಹೊಲಿದದ್ದು, ಬಾಯಿಗೆ ಹಗ್ಗ ಕಟ್ಟಿತ್ತು. ವಾರಸುದಾರರಿಲ್ಲದ ವಸ್ತು ಕಂಡರೆ ತಿಳಿಸಿ ಎಂದು ಎರಡು ದಿನಗಳಿಂದ ಕೇಳಿಕೇಳಿ ನನ್ನ ಕಣ್ಣು ಬರೇ ಚೀಲಗಳನ್ನೇ ಹುಡುಕುತ್ತಿತ್ತು. "ಕೋಣಾಚಿ ಪಿಶವೀ ಆಹೆ ಹೀ?" ಎಂದು ಕೂಗಿದೆ. ಯಾರೂ ಉತ್ತರಿಸಲಿಲ್ಲ. ಎರಡನೇ ಸಲ ಕೂಗುವಷ್ಟರಲ್ಲಿ ಯಾರೋ "ಬಾಂಬ್" ಅಂದರು. ಬಸ್ಸು ನಿಂತಿತು. ಒಬ್ಬರ ಮೇಲೊಬ್ಬರು ಬೀಳುತ್ತ ಎಲ್ಲರೂ ಇಳಿದರು.

ಆಗ ಮುಂದಿನ ಬಾಗಿಲಿನ ಕಡೆಯಿಂದ ಒಬ್ಬ ಓಡಿ ಬಂದ. ಹೆಗಲ ಮೇಲೆ ಮಗು ಮಲಗಿತ್ತು. ಗದ್ದಲದಲ್ಲಿ ಚೀಲ ಹಿಂದೆ ಬಿಟ್ಟು ತಾನು ಮುಂದೆ ಸರಿದಿದ್ದನೆಂದು ಕಾಣುತ್ತದೆ. "ನಂದ್ರೀ ಸಾಹೇಬ್ರ, ನನ್ನ ಚೀಲರೀ ಅದು" ಅನ್ನುತ್ತಿದ್ದ. ಯಾರಿಗೂ ತಿಳಿಯಲಿಲ್ಲ. ಒಬ್ಬ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಹಿಂದಿಯಲ್ಲಿ ಹೆಸರು ಕೇಳಿದ. ಗಾಬರಿಯಲ್ಲಿ ಅವನಿಗೆ ಬರುವಷ್ಟು ಹಿಂದಿಯೂ ಬಾಯಿಗೆ ಬರಲಿಲ್ಲ. ಮಗು ಎದ್ದು ಅಳತೊಡಗಿತು.

ಅಲ್ಲಿದ್ದವರಲ್ಲಿ ಅವನ ಒಂದೊಂದು ಮಾತೂ ತಿಳಿದದ್ದು ಬಹುಶಃ ನನಗೊಬ್ಬನಿಗೇ. ನಾನು ಸುಮ್ಮನೆ ನಿಂತಿದ್ದೆ. ಬಾಯಿ ತೆಗೆದರೆ ನಾನೂ ಅವನ ಕಡೆಯವನಾಗುತ್ತೇನೆ, ನನ್ನ ಹೆಸರು, ಊರು, ಚೀಲ ಎಲ್ಲವನ್ನೂ ಕೇಳುತ್ತಾರೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಎರಡು ನಿಮಿಷವಿರಬಹುದು. "ನೀನೇ ತೆಗಿ" ಎಂದು ಅವನಿಗೆ ಸನ್ನೆ ಮಾಡಿದರು. ಮಗುವನ್ನು ಯಾರೋ ಹೆಂಗಸು ಎತ್ತಿಕೊಂಡರು. ಅವನೊಬ್ಬನೇ ಬಸ್ಸು ಹತ್ತಿ ಹಗ್ಗ ಬಿಚ್ಚಿದ. ನಾವೆಲ್ಲ ದೂರ ಸರಿದು ನಿಂತೆವು. ನಾನೂ ಸರಿದೆ.

ಗಾರೆ ಕೆಲಸದ ಕರಣೆ, ನೂಲಿನ ಉಂಡೆ, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಮಗುವಿನ ಎರಡು ಅಂಗಿ.

ಜನ ನಕ್ಕು ಮತ್ತೆ ಬಸ್ಸು ಹತ್ತಿದರು. ಆಗ ನಾನು ಹೋಗಿ ಕೇಳಿದೆ, "ಯಾವೂರಾತು ನಿಮ್ಮದು?"

ಅವನು ನನ್ನ ಮುಖ ನೋಡಿದ. "ಸುರಪುರ ಕಡೇರಿ. ನೀವು ಕನ್ನಡದವ್ರೇನ್ರಿ?" ಅಂದ. ಹೌದೆಂದೆ. ಅವನು ಮತ್ತೇನೂ ಕೇಳಲಿಲ್ಲ. ರೊಟ್ಟಿಯ ಗಂಟನ್ನು ಜೋಡಿಸಿಟ್ಟು ಹಗ್ಗ ಕಟ್ಟಿದ.

ಅವತ್ತು ರಾತ್ರಿ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಇತ್ತು. ನಿಮ್ಮ ಊರಿನಲ್ಲಿ ಹೀಗಾಯಿತಂತಲ್ಲ, ಎಲ್ಲರೂ ಕ್ಷೇಮವೇ ಎಂದು ಕೇಳಿದರು. ಕ್ಷೇಮ, ಕೆಲಸದ ಮೇಲೆ ಯಾವ ಪರಿಣಾಮವೂ ಇಲ್ಲ ಎಂದು ನಾವು ಹೇಳಿದೆವು. ವರದಿಯಲ್ಲೂ ಹಾಗೇ ಬರೆದೆವು. ಬರೆದದ್ದೇನೂ ಸುಳ್ಳಲ್ಲ, ಆ ರಿಲೀಸ್ ಹೇಳಿದ ದಿನವೇ ಹೋಯಿತು.

ಅದೇ ವರ್ಷ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಸ್ಫೋಟವಾದಾಗ, ಅಲ್ಲಿದ್ದ ಗೆಳೆಯರಿಗೆ ಫೋನು ಹಚ್ಚುತ್ತ ಕೂರುವ ಸರದಿ ನನ್ನದಾಯಿತು. ಜರ್ಮನ್ ಬೇಕರಿ 2013ರಲ್ಲಿ ಮತ್ತೆ ತೆರೆಯಿತು. ಅದೇ ವರ್ಷ ಪುಣೆಯ ನ್ಯಾಯಾಲಯ ಒಬ್ಬನಿಗೆ ಗಲ್ಲುಶಿಕ್ಷೆ ವಿಧಿಸಿತು. 2016ರಲ್ಲಿ ಬಾಂಬೆ ಹೈಕೋರ್ಟ್ ಸ್ಫೋಟದ ಆರೋಪಗಳಿಂದ ಅವನನ್ನು ಬಿಡಿಸಿ, ಸ್ಫೋಟಕ ಇಟ್ಟುಕೊಂಡದ್ದಕ್ಕೆ ಜೀವಾವಧಿಯನ್ನು ಉಳಿಸಿತು. ನ್ಯಾಯಾಧೀಶರು ವರ್ಷಗಟ್ಟಲೆ ಸಾಕ್ಷಿಗಳನ್ನು ತೂಗಿ ನೋಡಿದ್ದನ್ನು ನಾವು ಬಸ್ಸಿನ ಪಕ್ಕ ನಿಂತು ಎರಡು ನಿಮಿಷದಲ್ಲಿ ಮುಗಿಸಲು ಹೊರಟಿದ್ದೆವು.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲೂ ಬಿಟ್ಟುಹೋದ ಚೀಲವೇ ಸಿಡಿಯಿತು. ಆದ್ದರಿಂದ ಚೀಲದ ಬಗ್ಗೆ ಕೇಳಲೇಬಾರದಿತ್ತು ಎಂದು ನಾನು ಹೇಳಲಾರೆ. ಈಗಲೂ ಕೇಳುತ್ತೇನೆ. ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಯಾರೂ ಓಗೊಡದಿದ್ದರೆ ಗಟ್ಟಿಯಾಗಿ ಕನ್ನಡದಲ್ಲಿ, "ಈ ಚೀಲ ಯಾರದರೀ?" ಅಂತ. ಅಕ್ಕಪಕ್ಕದವರು ತಿರುಗಿ ನನ್ನನ್ನು ನೋಡುತ್ತಾರೆ. ನೋಡಲಿ.