ವಸತಿ: ಸೋಪಾರದಿಂದ ಡಾಕಾರ್‌ವರೆಗೆ

ಕನ್ನಡದ 'ಬಸದಿ' ಶಬ್ದವು ಸಂಸ್ಕೃತದ 'ವಸತಿ'ಯ ತದ್ಭವವೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ತಂಗುವ ತಾಣವೆಂಬುದೇ ಅದರ ಮೂಲಾರ್ಥ. ಜಿನಬಿಂಬಕ್ಕಿರುವಂತೆ ನಡೆದುಬಂದ ಯತಿಗಳಿಗೂ ಅಲ್ಲಿ ತಾವಿತ್ತು. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬ ರವಿವರ್ಮನ ತಾಮ್ರಶಾಸನವು ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆ ನಡೆಯಬೇಕೆಂದು ವಿಧಿಸುತ್ತದೆ. ಅತಿಥೇಯನ ಹೊಣೆಯನ್ನು ಅಲ್ಲಿ ತಾಮ್ರದ ಮೇಲೆ ಕೊರೆದಿದ್ದಾರೆ. ಇಂದಿನ ಹೋಟೆಲಿನ ಕಾಗದದಲ್ಲಿ ಬರೆದಿರುವುದೆಲ್ಲ ಅತಿಥಿಯ ಹೊಣೆ.

ವಸತಿಯ ಮತ್ತೊಂದು ಚಿತ್ರ ಉದ್ಯೋತನಸೂರಿಯ 'ಕುವಲಯಮಾಲಾ'ದಲ್ಲಿದೆ. ಕ್ರಿ.ಶ. 779ರಲ್ಲಿ ಜಾಬಾಲಿಪುರದಲ್ಲಿ ಮುಗಿದ ಈ ಪ್ರಾಕೃತ ಕೃತಿಯನ್ನು ಸಂಪಾದಿಸಿದವರು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು. ದೂಧಗಂಗೆಯ ದಡದ ಊರಿನವರೊಬ್ಬರ ಕೈಯಲ್ಲಿ ಕಡಲ ವರ್ತಕರ ಈ ಕಥೆ 1959ರಲ್ಲಿ ಶುದ್ಧಪಾಠ ಪಡೆಯಿತು. ಅದರಲ್ಲಿ ತಕ್ಷಶಿಲೆಯ ಕಡೆಯ ಲೋಭದೇವನು ಕುದುರೆಗಳೊಡನೆ ಸೋಪಾರದ ರೇವಿಗೆ ಬಂದು ಭದ್ರಶ್ರೇಷ್ಠಿಯೆಂಬ ವೃದ್ಧ ವರ್ತಕನ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಅಲ್ಲಿಯ ವರ್ತಕರ ಕೂಟಕ್ಕೊಂದು ಪದ್ಧತಿ: ಹೊರಗಿನಿಂದ ಬಂದವನು ತಾನು ಯಾವ ದೇಶದಿಂದ ಬಂದೆ, ಏನು ಒಯ್ದೆ, ಏನು ತಂದೆ ಎಂಬುದನ್ನು ಹೇಳಬೇಕು, ಅವನಿಗೆ ಗಂಧ, ತಾಂಬೂಲ, ಮಾಲೆ ಸಲ್ಲಬೇಕು. ಹಾಗೆ ಹೇಳಿಕೊಂಡವರಲ್ಲಿ ಒಬ್ಬನು ಬರ್ಬರಕೂಲಕ್ಕೆ ಬಟ್ಟೆ ಒಯ್ದು ಆನೆಯ ದಂತವನ್ನೂ ಮುತ್ತುಗಳನ್ನೂ ತಂದವನು. ಬರ್ಬರಕೂಲವೆಂದರೆ ಆಫ್ರಿಕದ ಈಶಾನ್ಯ ಕರಾವಳಿಯೆಂದು ವಿದ್ವಾಂಸರು ಗುರುತಿಸುತ್ತಾರೆ.

ಆ ಖಂಡದ ಇನ್ನೊಂದು ತುದಿಗೆ, ಅಟ್ಲಾಂಟಿಕ್ ದಡದ ಡಾಕಾರಿಗೆ, ಕಾಗವಾಡ ತಾಲೂಕಿನ ಗೃಹಸ್ಥರೊಬ್ಬರು ಒಂದು ಪುಷ್ಯಮಾಸದಲ್ಲಿ ಪತ್ನಿಯೊಡನೆ ಹೋದರು. ಸೆನೆಗಲ್ ದೇಶದ ಈ ರಾಜಧಾನಿ ಆಫ್ರಿಕದ ಮುಖ್ಯ ಭೂಭಾಗದ ಪಶ್ಚಿಮದ ಕೊನೆಯ ಚಾಚಿನ ಮೇಲಿದೆ. ಮಗನಿಗೆ ಅಲ್ಲಿ ನೌಕರಿ. ತಂದೆತಾಯಿಯರು ಮೂರು ದಿನವಾದರೂ ಅರಸರಂತೆ ಇರಲೆಂದು ಅವನು ಕಡಲಿಗೆ ಮುಖಮಾಡಿದ ದೊಡ್ಡ ಹೋಟೆಲೊಂದರಲ್ಲಿ ಕೋಣೆ ಹಿಡಿದಿದ್ದ. ಗೃಹಸ್ಥರು ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಊರ ಬಸದಿಯ ಸಂಜೆಯ ಸ್ವಾಧ್ಯಾಯವನ್ನು ತಪ್ಪಿಸದವರು.

ನೀರು ಕಾಣುವ ಕೋಣೆಗೆ ಹೆಚ್ಚಿನ ಬಾಡಿಗೆಯೆಂದು ಮಗ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ಮಲ್ಲಿ ಹೊಳಿ ಕಾಣೋ ಮನಿ ಅಂದ್ರ ಹೆಣ್ಣ ಕೊಡಾಕ ಅಂಜತಾರೋ" ಎಂದರು.

ಮಾತು ಹಾಸ್ಯದ್ದಾದರೂ ಹಿಂದೆ ನೆನಪಿತ್ತು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ಜುಗುಳ, ಮಂಗಾವತಿ, ಕೃಷ್ಣಾ ಕಿತ್ತೂರಿನಂಥ ದಂಡೆಯ ಊರವರು ದನಕರುಗಳನ್ನು ಹೊಡೆದುಕೊಂಡು ಕಾಳಜಿ ಕೇಂದ್ರಗಳಿಗೆ ನಡೆದಿದ್ದರು. ಶಾಲೆಯ ಕೋಣೆಯೇ ವಸತಿ, ಹಾಸಿದ ತಾಡಪತ್ರಿಯೇ ಹಾಸಿಗೆ. ನೀರನ್ನು ನೋಡುತ್ತ ಕೂಡುವುದಕ್ಕೆ ಹಣ ಕೊಡುವ ಲೋಕವೊಂದಿದೆಯೆಂಬುದು ಆ ದಿನಗಳಲ್ಲಿ ಅವರ ಕಲ್ಪನೆಗೂ ಬಂದಿರಲಾರದು.

ಹೋಟೆಲು ಹೋಟೆಲಿನಂತೆಯೇ ಇತ್ತು: ಹೊಳೆಯುವ ನೆಲ, ಕಡಲಿಗೆ ಅಂಟಿದಂತೆ ಕಾಣುವ ಈಜುಕೊಳ, ಸದ್ದಿಲ್ಲದ ಸೇವಕರು. ಇದನ್ನು ವರ್ಣಿಸುವುದರಲ್ಲಿ ಹುರುಳಿಲ್ಲ. ಜಗತ್ತಿನ ಎಲ್ಲ ರೇವುಗಳಲ್ಲಿಯೂ ಅದು ಒಂದೇ. ತೊಡಕು ಎದ್ದದ್ದು ಊಟದಲ್ಲಿ. ದಂಪತಿಗಳಿಗೆ ರಾತ್ರಿಭೋಜನ ತ್ಯಾಗದ ವ್ರತ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆಯೇ ಉಣ್ಣಬೇಕು. ಡಾಕಾರ್ ಹದಿನೈದನೆಯ ಅಕ್ಷಾಂಶದ ಸಮೀಪ, ಅಥಣಿ-ಕಾಗವಾಡಗಳು ಹದಿನೇಳರ ಸಮೀಪ. ಆದ್ದರಿಂದ ಹಗಲಿನ ಅಳತೆಯಲ್ಲಿ ಹೆಚ್ಚಿನ ಭೇದವಿಲ್ಲ. ಚಳಿಗಾಲದ ಸೂರ್ಯ ಅಲ್ಲಿ ಏಳರ ಆಸುಪಾಸಿನಲ್ಲಿ ಕಡಲಿಗಿಳಿಯುತ್ತಾನೆ. ಹೋಟೆಲಿನ ಊಟ ತೆರೆಯುವುದು ಮಾತ್ರ ಏಳೂವರೆಗೆ. ಮುಳುಗುವ ಸೂರ್ಯನನ್ನು ನೋಡಲು ಬಂದವರು ನೋಡಿ ಮುಗಿಸಿದ ಮೇಲೆ ಉಣ್ಣುವರು.

ತಾಯಿಯವರು ಭೋಗಿಗೆಂದು ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿಗಳನ್ನು ಶೇಂಗಾ ಚಟ್ನಿಯೊಡನೆ ಕಟ್ಟಿ ತಂದಿದ್ದರು. ಮೊದಲ ಸಂಜೆ ಅದರಲ್ಲೇ ಕಳೆಯಿತು. ಎರಡನೆಯ ದಿನ ಮಗನು ಅಡುಗೆಮನೆಯವರೊಡನೆ ಮಾತನಾಡಬೇಕಾಯಿತು: ಮಾಂಸ, ಮೊಟ್ಟೆ, ಉಳ್ಳಾಗಡ್ಡಿ, ಗಡ್ಡೆಗೆಣಸು ಇಲ್ಲದ್ದು ಏನಿದೆ? ಪಟ್ಟಿಯಲ್ಲಿದ್ದುದೆಲ್ಲ ಗೋದಿಯ ಬ್ರೆಡ್ಡು, ಫ್ರಾನ್ಸಿನ ರೀತಿಯ ತಿನಿಸು. ಕೊನೆಗೆ ಅಡುಗೆಮನೆಯ ಸಹಾಯಕನೊಬ್ಬನು, ಇದು ಹೋಟೆಲಿನದಲ್ಲ, ನಮ್ಮ ಮನೆಗಳಲ್ಲಿ ಉಣ್ಣುವುದು ಎಂದು ಸಂಕೋಚಪಡುತ್ತ ಐದು ಗಂಟೆಗೆ ಒಂದು ಬಟ್ಟಲು ತಂದಿರಿಸಿದ. ಆವಿಯಲ್ಲಿ ಬೆಂದ ಸಣ್ಣ ನುಚ್ಚು, ಮೇಲೆ ಮೊಸರು.

ತಾಯಿಯವರು ಬೆರಳಲ್ಲಿ ಒತ್ತಿ ನೋಡಿ, "ಏನ್ರಿ, ಇದು ಸಜ್ಜಿ ನುಚ್ಚು!" ಎಂದರು.

ಸಜ್ಜೆ ದ್ವಿದಳವಲ್ಲ, ಮೊಸರಿನೊಡನೆ ಕೂಡಲು ಶಾಸ್ತ್ರದ ಅಡ್ಡಿಯಿಲ್ಲ. ಇಬ್ಬರೂ ನೆಮ್ಮದಿಯಿಂದ ಉಂಡರು. ವೊಲೊಫ್ ಭಾಷೆಯಲ್ಲಿ ಆ ಧಾನ್ಯಕ್ಕೆ 'ದುಗುಬ್' ಎಂದು ಹೆಸರು. ಅದನ್ನು ಮೊದಲು ಪಳಗಿಸಿದವರು ಪಶ್ಚಿಮ ಆಫ್ರಿಕದ ಬೇಸಾಯಗಾರರೇ. ಮಾಲಿ ದೇಶದ ನೆಲದಲ್ಲಿ ಸಿಕ್ಕ ಕುರುಹುಗಳು ಸುಮಾರು 4500 ವರ್ಷ ಹಳೆಯವು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಹೊತ್ತಿಗೆ ಅದು ಭಾರತಕ್ಕೆ ಬಂದಿತ್ತು; ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಅದರ ಕಾಳುಗಳು ದೊರೆತಿವೆ. ಅಲಸಂದೆಯ ತವರೂ ಆ ಕಡೆಯದೇ. ಜೋಳವೂ ಆಫ್ರಿಕದ್ದು. ಅಥಣಿ-ರಾಯಬಾಗದ ಬುತ್ತಿಯಲ್ಲಿ ಶೇಂಗಾ ಒಂದನ್ನು ಬಿಟ್ಟರೆ—ಅದು ದಕ್ಷಿಣ ಅಮೆರಿಕದ್ದು—ಮುಖ್ಯವಾದುದೆಲ್ಲ ಈ ಖಂಡದಿಂದ ಬಂದ ಸಾಲ. ಬರ್ಬರಕೂಲದಿಂದ ದಂತ ತಂದವನ ಲೆಕ್ಕ ಕಾವ್ಯದಲ್ಲಿ ಉಳಿಯಿತು. ಸಜ್ಜೆಯ ಬೀಜ ತಂದವರಾರೆಂಬುದು ಯಾವ ಕೂಟದಲ್ಲಿಯೂ ದಾಖಲಾಗಲಿಲ್ಲ. ಭವ್ಯ ಹೋಟೆಲು ತನ್ನ ನೆಲದ ಈ ಅನ್ನವನ್ನು ಅಡುಗೆಮನೆಯ ಹಿಂಬಾಗಿಲಲ್ಲಿ ಇರಿಸಿಕೊಂಡಿತ್ತು. ವ್ರತವೆಂಬ ಕಟ್ಟುಪಾಡು ಇರದಿದ್ದರೆ ಕಾಗವಾಡದವರಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಆತಿಥ್ಯಕ್ಕೆ ವೊಲೊಫರ ಮಾತು 'ತೆರಂಗ'. ಆ ಬಟ್ಟಲಿಗೆ ಬಿಲ್ಲು ಬರಲಿಲ್ಲ.

ಅದೇ ದಿನ ಬೆಳಿಗ್ಗೆ ಅವರು ಗೊರೇ ದ್ವೀಪಕ್ಕೆ ಹೋಗಿ ಬಂದಿದ್ದರು. ಡಾಕಾರಿನಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ. 1978ರಿಂದ ವಿಶ್ವಪರಂಪರೆಯ ತಾಣವಾಗಿರುವ ಅಲ್ಲಿ ಸುಮಾರು 1776ರಲ್ಲಿ ಕಟ್ಟಿದ 'ಗುಲಾಮರ ಮನೆ' ಇದೆ. ಅಲ್ಲಿಂದ ಹಡಗೇರಿದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಸೆರೆಯಾಳುಗಳು ಬೇರೆ ರೇವುಗಳಿಂದಲೇ ಹೆಚ್ಚಾಗಿ ಸಾಗಿದರೆನ್ನುವವರಿದ್ದಾರೆ. ಮನೆಯ ರಚನೆ ಮಾತ್ರ ವಾದಕ್ಕೆ ಎಡೆಗೊಡದು. ಮೇಲಂತಸ್ತಿನಲ್ಲಿ ಗಾಳಿ ಬೆಳಕಿನ ಕೋಣೆಗಳು, ಕಡಲು ಕಾಣುವ ಮೊಗಸಾಲೆ. ಕೆಳಗೆ ತಗ್ಗಿದ ಕತ್ತಲೆಯ ಗೂಡುಗಳು. ನಡುವೆ ಎರಡು ತೋಳುಗಳಂತೆ ಬಾಗಿದ ಮೆಟ್ಟಿಲು. ಒಂದೇ ಸೂರು, ಒಂದೇ ಕಡಲು, ಎರಡು ವಸತಿ.

ಮೇಲಿನವರು ಕೆಳಗಿನ ಸದ್ದು ಕೇಳುತ್ತ ಹೇಗೆ ಉಣ್ಣುತ್ತಿದ್ದರೆಂದು ಮಗನು ಕೇಳಿದ. ಗೃಹಸ್ಥರು ಉತ್ತರಿಸಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರವನ್ನು ಓದುವುದುಂಟು. ಏಳನೆಯ ಅಧ್ಯಾಯ ಅವರಿಗೆ ಕಂಠಸ್ಥ. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಕಟ್ಟುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನನೀರು ತಡೆಯುವುದು. ಮೊದಲನೆಯದಕ್ಕೆ ಗೋಡೆಯ ಮೇಲಿನ ಬೇಡಿಗಳು ಸಾಕ್ಷಿಯಾಗಿದ್ದವು. ನಾಲ್ಕನೆಯದು ಅವರನ್ನು ಆ ದ್ವೀಪದಿಂದ ಎಬ್ಬಿಸಿ ತಮ್ಮ ಕಾಟಾದ ಮುಂದೆ ನಿಲ್ಲಿಸಿತು. ಎತ್ತುಗಳ ಮಂಡಿ ನಡುಗುವಷ್ಟು ಕಬ್ಬು ಹೇರಿದ ಗಾಡಿಗಳು ಸಾಲಾಗಿ ಬರುತ್ತಿದ್ದವು. ಅವರು ಭಾರವನ್ನು ಅಂಕೆಯಲ್ಲಿ ಬರೆದುಕೊಂಡು ಚೀಟಿ ಕೊಡುತ್ತಿದ್ದರು. ಸಂಜೆ ಬಸದಿಯಲ್ಲಿ ಅದೇ ಸೂತ್ರದ ವ್ಯಾಖ್ಯಾನ. ಮೂವತ್ತು ವರ್ಷ ಎರಡೂ ಒಂದನ್ನೊಂದು ಮುಟ್ಟದೆ ನಡೆದಿದ್ದವು.

ಅದೇ ಅಧ್ಯಾಯವು ಪರಿಗ್ರಹದ ಮಿತಿಯನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳ ಸಾಲಿನಲ್ಲಿ ದಾಸಿ-ದಾಸರನ್ನೂ ಎಣಿಸುತ್ತದೆ. ಎಣಿಕೆಗೆ ಮಿತಿ ಹಾಕಿಕೊಳ್ಳಬೇಕೆಂದು ವಿಧಿಸಿತೇ ಹೊರತು ಮನುಷ್ಯನನ್ನು ಆ ಪಟ್ಟಿಯಿಂದ ತೆಗೆಯಲಿಲ್ಲ. ಇದನ್ನು ಮರೆಸಿ ಮುಂದೆ ಸಾಗುವ ವ್ಯಾಖ್ಯಾನ ಪ್ರಾಮಾಣಿಕ ಸ್ವಾಧ್ಯಾಯವೆನಿಸದು. ಉದ್ಯೋತನಸೂರಿ ಈ ವಿಷಯದಲ್ಲಿ ಹೆಚ್ಚು ನಿಷ್ಠುರನು. ಲೋಭದೇವನು ರತ್ನದ್ವೀಪದಿಂದ ಮರಳುವಾಗ ಲಾಭದಲ್ಲಿ ಪಾಲು ಕೊಡಬೇಕಲ್ಲವೆಂದು, ತನಗೆ ಮನೆಯಲ್ಲಿ ತಾವು ಕೊಟ್ಟ ಭದ್ರಶ್ರೇಷ್ಠಿಯನ್ನೇ ಕಡಲಿಗೆ ನೂಕುತ್ತಾನೆ. ಹಡಗು ಒಡೆದು ತಾರದ್ವೀಪ ಸೇರಿದವನನ್ನು ಅಲ್ಲಿಯವರು ಮೊದಲು ಉಪಚರಿಸುತ್ತಾರೆ, ಉಣಿಸುತ್ತಾರೆ. ಬಳಿಕ ಬಂಗಾರ ಮಾಡುವುದಕ್ಕಾಗಿ ಅವನ ರಕ್ತಮಾಂಸಗಳನ್ನು ತೆಗೆಯುತ್ತಾರೆ. ಮನುಷ್ಯದೇಹದಿಂದ ಬಂಗಾರ ತೆಗೆಯುವ ವಿದ್ಯೆಯನ್ನು ಎಂಟನೆಯ ಶತಮಾನದ ಆ ಕವಿ ಕಥೆಯಾಗಿ ಬರೆದ. ಗೊರೇಯ ಮೇಲಂತಸ್ತಿನವರು ಲೆಕ್ಕದ ಪುಸ್ತಕದಲ್ಲಿ ಬರೆದರು.

ಅಂದು ರಾತ್ರಿ ಗೃಹಸ್ಥರಿಗೆ ನಿದ್ರೆ ಹತ್ತಲಿಲ್ಲ. ಹಾಸಿಗೆ ಬಹಳ ಮೆತ್ತಗಿತ್ತೆಂದು ಪತ್ನಿಗೆ ಹೇಳಿದರಂತೆ. ಅವರನ್ನು ಕಾಡುತ್ತಿದ್ದುದು ಅಜ್ಜನ ವಾಡೆ. ಅಲ್ಲಿಯೂ ಮಾಳಿಗೆಯಿತ್ತು, ಕೆಳಗೆ ದನದ ಮನೆಯಲ್ಲಿ, ಎತ್ತುಗಳ ಗೋದಲಿಯ ಪಕ್ಕದಲ್ಲಿ, ಒಬ್ಬ ಆಳು ಮಲಗುತ್ತಿದ್ದ. ಅವನ ತಂದೆ ಪಡೆದ ಸಾಲಕ್ಕೆ ಅವನು ದುಡಿಯುತ್ತಿದ್ದ. 1976ರ ಕಾಯಿದೆ ಜೀತಪದ್ಧತಿಯನ್ನು ರದ್ದುಮಾಡುವವರೆಗೆ ಅಂಥದು ಸೀಮೆಯಲ್ಲಿ ಸೋಜಿಗವಾಗಿರಲಿಲ್ಲ. ಅವನನ್ನು ಯಾರೂ ಕಟ್ಟಲಿಲ್ಲ, ಹೊಡೆಯಲಿಲ್ಲ. ಹೊತ್ತಿಗೆ ರೊಟ್ಟಿಯೂ ಸಿಗುತ್ತಿತ್ತು. ಹೆಗಲ ಮೇಲೆ ಕೂರಿಸಿಕೊಂಡು ಹೊಳೆಯ ದಂಡೆಗೆ ಒಯ್ದವನು ಅವನೇ. ಮುಖ, ಕಿವಿಯ ಒಂಟಿ, ಹೆಗಲ ಕಂಬಳಿ ಎಲ್ಲವೂ ನೆನಪಿಗೆ ಬಂದವು. ಹೆಸರು ಬರಲಿಲ್ಲ. ಹೋಟೆಲಿಗೆ ಬಂದಾಗಿನಿಂದ ತಮ್ಮ ಹೆಸರನ್ನು ನಾಲ್ಕು ಕಾಗದಗಳಲ್ಲಿ ಬರೆದುಕೊಟ್ಟಿದ್ದರು.

ಬೆಳಗಿನ ಆರಕ್ಕೆ, ಊರಲ್ಲಿ ಹನ್ನೊಂದೂವರೆಯಾಗಿರಬೇಕೆಂದು ಎಣಿಸಿ, ರಾಯಬಾಗದಲ್ಲಿರುವ ಹಿರಿಯ ಅಕ್ಕನಿಗೆ ಫೋನು ಮಾಡಿದರು.

"ಅಕ್ಕಾ, ನಮ್ಮ ದನದ ಮನ್ಯಾಗ ಮಲಗತಿದ್ನಲ್ಲ, ಅವನ ಹೆಸರ ಏನಿತ್ತ?"

"ಯಾರ ಕೇಳಿದ್ರೋ ತಮ್ಮಾ, ಅಷ್ಟ ದೂರದಾಗ?"

"ಯಾರೂ ಕೇಳಿಲ್ಲ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಲ್ಲರೂ 'ಏ' ಎಂದೇ ಕರೆಯುತ್ತಿದ್ದರು, ಅವ್ವ ಮಾತ್ರ ಹೆಸರು ಹಿಡಿಯುತ್ತಿದ್ದಳು ಎಂದರು. ಮತ್ತೆ ತಡೆದು, ಹೆಸರು ಹೇಳಿದರು. ಅವನ ಮೊಮ್ಮಗ ನಿಪ್ಪಾಣಿಯಲ್ಲಿ ಇದ್ದಾನೆಂದು ಯಾರೋ ಅಂದಿದ್ದರೆಂದೂ ಸೇರಿಸಿದರು. ಹಾಸಿಗೆಯ ಬದಿಯಲ್ಲಿ ಹೋಟೆಲಿನ ಚಿತ್ರವಿದ್ದ ಸಣ್ಣ ಕಾಗದದ ಕಟ್ಟು ಇತ್ತು. ಗೃಹಸ್ಥರು ಒಂದು ಹಾಳೆ ಹರಿದು ಆ ಹೆಸರನ್ನು ಬರೆದು, ಮಡಚಿ, ಜೇಬಿನಲ್ಲಿ ಇಟ್ಟುಕೊಂಡರು. ಕಿಟಕಿಯ ಹೊರಗೆ ಮೀನುಗಾರರ ದೋಣಿಗಳು ಆಗಲೇ ನೀರಿಗಿಳಿದಿದ್ದವು. ತಾಯಿಯವರು ಉಳಿದಿದ್ದ ಎರಡು ಸಜ್ಜೆಯ ರೊಟ್ಟಿಗಳನ್ನು ಅಡುಗೆಮನೆಯ ಹುಡುಗನಿಗಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದರು.