ಹೊರನಾಡಿನ ದುಡಿಮೆ, ಊರಿನ ಖಾತೆ

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಬೈ, ಸೌದಿಗೆ ದುಡಿಯಲು ಹೊರಡುವ ಹುಡುಗರಿಗೆ ವೀಸಾ, ಟಿಕೆಟ್ ಬಗ್ಗೆ ಹತ್ತು ಜನ ಹೇಳುತ್ತಾರೆ. ಬ್ಯಾಂಕ್ ಖಾತೆಯ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಹೊರದೇಶಕ್ಕೆ ಕೆಲಸಕ್ಕೆ ಹೋದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಸಾಮಾನ್ಯ) ಖಾತೆಯಾಗಿ ಬದಲಿಸಿಕೊಳ್ಳಬೇಕು. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯಡಿಯ ನಿಯಮ ಅದು. ಗದ್ದೆಯ ಲಾವಣಿ ಹಣ, ಮನೆ ಬಾಡಿಗೆ ಆ ಖಾತೆಗೆ ಜಮೆ. ಅಲ್ಲಿನ ಸಂಬಳಕ್ಕೆ ಎನ್‌ಆರ್‌ಇ ಖಾತೆ ಬೇರೆ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಡಾಲರಿನಲ್ಲೇ ಇಡುವುದಾದರೆ ಎಫ್‌ಸಿಎನ್‌ಆರ್ ಠೇವಣಿ ಇದೆ, 1ರಿಂದ 5 ವರ್ಷದ ಅವಧಿಗೆ.

ಅಲ್ಲಿಂದ ಊರಿಗೆ ಹಣ ಕಳಿಸುವಾಗ ವಿನಿಮಯ ಅಂಗಡಿಯ "ಕಮಿಷನ್ ಇಲ್ಲ" ಎಂಬ ಫಲಕಕ್ಕೆ ಮರುಳಾಗಬೇಡಿ. ಲಾಭವನ್ನು ದರದಲ್ಲೇ ಹಿಡಿದಿರುತ್ತಾರೆ. ದಿರ್ಹಮ್‌ಗೆ 30 ಪೈಸೆ ಕಡಿಮೆ ಕೊಟ್ಟರೂ 1000 ದಿರ್ಹಮ್‌ಗೆ 300 ರೂಪಾಯಿ ಹೋಯಿತು. ಸುಡುಬಿಸಿಲಲ್ಲಿ ನಿಂತು ದುಡಿದ ಹಣ ಅದು! ಕೇಳಬೇಕಾದದ್ದು ಒಂದೇ: ಅವ್ವನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ?

ಬ್ಯಾಂಕ್ ಬಿಟ್ಟು ಹಣ ಸಾಗಿಸುವ ಹುಂಡಿಯವರು (ಹವಾಲಾ) ಹೆಚ್ಚು ದರ ಕೊಟ್ಟರೂ ಬೇಡ. ಕಾನೂನುಬಾಹಿರ, ಹಣ ಮುಳುಗಿದರೆ ಕೈಯಲ್ಲಿ ರಸೀದಿಯೂ ಇರುವುದಿಲ್ಲ.

ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ, ವಿಮಾನ ಹತ್ತುವ ಮುನ್ನ ಒಮ್ಮೆ ಬ್ಯಾಂಕಿಗೆ ಕರೆದೊಯ್ದು ಇದನ್ನೆಲ್ಲ ವಿಚಾರಿಸಿ.