ಚಾವಣಿಗೂ ಸುಣ್ಣ

ಜತ್ತ ತಾಲ್ಲೂಕಿನ ನಮ್ಮ ಹಿರಿಯರ ಮಣ್ಣಿನ ಮಾಳಿಗೆ ತನ್ನ ದಪ್ಪದಿಂದಲೇ ಮನೆಯನ್ನು ತಂಪಾಗಿಡುತ್ತಿತ್ತು. ಈಗಿನ ಪತ್ರಾಸಿಗೆ ಆ ದಪ್ಪವಿಲ್ಲ. ಮೇ ತಿಂಗಳಲ್ಲಿ ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ. ಹೆಚ್ಚು ಬಾಧೆ ಮನೆಯಲ್ಲೇ ಉಳಿಯುವ ಮುದುಕರಿಗೆ, ಕೂಸುಗಳಿಗೆ.

ಶಾಖ ತಡೆಯುವ ಬಣ್ಣವೆಂದು ಒಳಗೋಡೆಗೆ ದುಡ್ಡು ಸುರಿಯುವುದು ಬೇಡ. ತೆಳು ಬಣ್ಣ ಮಣ್ಣಿನ ದಪ್ಪಕ್ಕೆ ಸಾಟಿಯಲ್ಲ. ಕೆಲಸ ಮಾಡುವುದು ಅದರ ಬಿಳುಪು: ಚಾವಣಿಯ ಹೊರಮೈಗೆ ಬಳಿದರೆ ಬಿಸಿಲನ್ನು ಹಿಂದಕ್ಕೆ ತಿರುಗಿಸುತ್ತದೆ. ಅದಕ್ಕೆ ಸ್ವಲ್ಪ ಅಂಟು ಬೆರೆಸಿದ ಸುಣ್ಣವೂ ಆದೀತು. 2017ರಲ್ಲಿ ಅಹಮದಾಬಾದ್ ನಗರ ಬಡವರ ಮನೆಗಳ ಚಾವಣಿಗೆ ಸುಣ್ಣವನ್ನೇ ಬಳಿಸಿತು. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು.

ಹಬ್ಬಕ್ಕೆ ಜನರ ಕಣ್ಣಿಗೆ ಬೀಳುವ ಗೋಡೆಗೆ ಸುಣ್ಣ ಹಚ್ಚುವ ನಾವು, ಈ ಸಲ ಕಾಣದ ಚಾವಣಿಗೂ ಹಚ್ಚೋಣ. ಒಂಟಿ ಅಜ್ಜಿಯ ಮನೆಗೆ ಮೊದಲು ಏಣಿ ಹಾಕೋಣ.